ಮಗಳ ಕಣ್ಣಿಗಾಗಿ ತಗೊಂಡ ಲಕ್ಸ್ ಮೀಟರ್: ಮೂರು ತಿಂಗಳು ಬಳಸಿದ ಮೇಲೆ

ಆನ್‌ಲೈನ್‌ನಲ್ಲಿ ಸಾವಿರದ ಚಿಲ್ಲರೆಗೆ ಸಿಕ್ಕಿತು. ಅಂಗೈಯಷ್ಟು ಡಬ್ಬಿ, ಅದಕ್ಕೊಂದು ಸುರುಳಿ ವೈರು, ವೈರಿನ ತುದಿಯಲ್ಲಿ ಸೆನ್ಸರ್. ಬೆಳಕು ಎಷ್ಟಿದೆ ಅಂತ ಲಕ್ಸ್ ಲೆಕ್ಕದಲ್ಲಿ ತೋರಿಸುತ್ತದೆ, ಅಷ್ಟೇ ಅದರ ಕೆಲಸ.

ನನಗೂ ಯಜಮಾನರಿಗೂ ಕನ್ನಡಕ. ದೊಡ್ಡವನಿಗೆ ಎಂಟಕ್ಕೇ ಮೈನಸ್ (ದೂರದ್ದು ಮಸುಕಾಗಿ ಕಾಣುವ ತೊಂದರೆ) ಬಂತು, ಈಗ ಹನ್ನೊಂದು ವರ್ಷ, ಪವರ್ 3 ದಾಟಿದೆ. ಚಿಕ್ಕವಳಿಗೆ ಆರು, ಇನ್ನೂ ಬಂದಿಲ್ಲ. ಇವಳಿಗಾದರೂ ತಡವಾಗಿ ಬರಲಿ ಅಂತ ಓದುತ್ತಾ ಹೋದಾಗ ಜರ್ಮನಿಯ ಟ್ಯೂಬಿಂಗನ್‌ನ ದೃಷ್ಟಿ ವಿಜ್ಞಾನಿ ಫ್ರಾಂಕ್ ಶೆಫೆಲ್ ಅವರ ಕೆಲಸ ಸಿಕ್ಕಿತು. ಕೋಳಿಮರಿಯ ಕಣ್ಣಿಗೆ ಮಸುಕು ಪರದೆ ಹಾಕಿದರೆ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದು ಮೈನಸ್ ಬರುತ್ತದೆ. ಶೆಫೆಲ್ ಮತ್ತು ರೀಗನ್ ಆಶ್ಬಿ ತಂಡ 2009ರಲ್ಲಿ ತೋರಿಸಿದ್ದು ಇದು: ಅದೇ ಪರದೆ ಇದ್ದರೂ ದಿನಕ್ಕೆ ಕೆಲವು ಗಂಟೆ 15,000 ಲಕ್ಸ್ ಬೆಳಕಲ್ಲಿ ಇದ್ದ ಮರಿಗಳಿಗೆ, 500 ಲಕ್ಸ್‌ನಲ್ಲಿದ್ದ ಮರಿಗಳಿಗಿಂತ ಮೈನಸ್ ಸುಮಾರು 60% ಕಡಿಮೆ ಬಂತು. ಮರುವರ್ಷ ಡೋಪಮೈನ್ ಅನ್ನುವ ದೇಹದ ರಾಸಾಯನಿಕಕ್ಕೆ ಅಡ್ಡ ಬರುವ ಔಷಧಿ ಕೊಟ್ಟು ನೋಡಿದರು, ಬೆಳಕಿನ ಲಾಭವೇ ಹೋಯಿತು. ಅಂದರೆ ಜೋರು ಬೆಳಕಿಗೆ ಕಣ್ಣಿನೊಳಗೆ ಬೆಳಕು ಹಿಡಿಯುವ ಪೊರೆ, ಅಂದರೆ ರೆಟಿನಾ, ಡೋಪಮೈನ್ ಬಿಡುತ್ತದೆ, ಅದು ಗುಡ್ಡೆ ಉದ್ದವಾಗುವುದನ್ನು ಹಿಡಿದಿಡುತ್ತದೆ.

ಕೋಳಿ ಬೇರೆ, ಮಕ್ಕಳು ಬೇರೆ ಅನ್ನಬಹುದು. ಆದರೆ ಚೀನಾದ ಗುವಾಂಗ್‌ಝೌನಲ್ಲಿ 12 ಶಾಲೆಗಳ ಒಂದನೇ ಕ್ಲಾಸ್ ಮಕ್ಕಳ ಮೇಲೆ ನೋಡಿದ್ದಾರೆ. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಆ ಮಕ್ಕಳಲ್ಲಿ 30.4% ಜನಕ್ಕೆ ಹೊಸದಾಗಿ ಮೈನಸ್ ಬಂತು, ಮಿಕ್ಕವರಲ್ಲಿ 39.5%. 2015ರಲ್ಲಿ ಬಂದ ಈ ಲೆಕ್ಕ ನೋಡಿಯೇ ನಾನು ಮೀಟರ್ ಆರ್ಡರ್ ಮಾಡಿದ್ದು.

ಬಂದ ದಿನ ರಾತ್ರಿ ಊಟದ ಟೇಬಲ್ ಮೇಲೆ ಇಟ್ಟೆ. ಟ್ಯೂಬ್‌ಲೈಟ್ ಕೆಳಗೆ 140. ಬರೀ 140! ನನಗೆ ಆ ಟೇಬಲ್ ಬೆಳ್ಳಗೆ, ಸಾಕಷ್ಟು ಬೆಳಕಿದೆ ಅನಿಸಿತ್ತು. ಬೆಳಿಗ್ಗೆ ಕಿಟಕಿ ಕಟ್ಟೆಯಲ್ಲಿ 900, ಎರಡು ಹೆಜ್ಜೆ ಒಳಗೆ ಬಂದರೆ 250. ಮೈಸೂರಿನ ನಮ್ಮ ಬೀದಿ ಪಾರ್ಕಿನ ಹೊಂಗೆ ಮರದ ನೆರಳಲ್ಲಿ, ಹತ್ತು ಗಂಟೆಗೆ, 6,000. ನೆರಳಲ್ಲೇ! ನಮ್ಮ ಕಣ್ಣು ಎಷ್ಟು ಬೇಗ ಹೊಂದಿಕೊಳ್ಳುತ್ತದೆ ಅಂದರೆ, ಇಷ್ಟು ವ್ಯತ್ಯಾಸ ಗೊತ್ತೇ ಆಗಲ್ಲ. ಕಣ್ಣನ್ನು ನಂಬಿ ಕೂತಿದ್ದರೆ ನನಗೆ ಇದು ತಿಳಿಯುತ್ತಿರಲಿಲ್ಲ, ಅದಕ್ಕೇ ಈ ಡಬ್ಬಿಗೆ ಕೊಟ್ಟ ದುಡ್ಡು ಸಾರ್ಥಕ ಅಂತೀನಿ.

ಒಂದು ವಿಷಯ ಕಲಿಯೋಕೆ ನನಗೆ ಎರಡು ವಾರ ಬೇಕಾಯಿತು. ಸೆನ್ಸರನ್ನು ಆಕಾಶಕ್ಕೆ ಮುಖ ಮಾಡಿ ಹಿಡಿಯಬಾರದು. ಮಗು ಎತ್ತ ನೋಡುತ್ತಿದೆಯೋ ಅತ್ತ, ಅದರ ಹುಬ್ಬಿನ ಮಟ್ಟದಲ್ಲಿ ಹಿಡಿಯಬೇಕು. ಬಯಲಲ್ಲಿ ಮೇಲಕ್ಕೆ ಹಿಡಿದಾಗ ಅಂಕಿ ಸಿಕ್ಕಾಪಟ್ಟೆ ಏರಿತು. ಅಲ್ಲೇ ಅವಳ ಮುಖದ ಪಕ್ಕ ಹಿಡಿದರೆ 11,000. ಕಣ್ಣಿಗೆ ಹೋಗುವುದು ಆ ಎರಡನೆಯದು ಅಲ್ವಾ.

ತೊಂದರೆಗಳೂ ಇವೆ. 50,000 ದಾಟಿದರೆ ಪರದೆಯ ಎಡತುದಿಯಲ್ಲಿ ಸುಮ್ನೆ "1" ಅಂತ ನಿಲ್ಲುತ್ತದೆ. ರೇಂಜ್ ಬದಲಾಯಿಸುವ ಗುಂಡಿ ಬಿಗಿ, ಮಧ್ಯದ ರೇಂಜಿನಲ್ಲಿ ಬಂದ ಅಂಕಿಯನ್ನು ಹತ್ತರಿಂದ ಗುಣಿಸಬೇಕು, ಇದನ್ನು ಮರೆತು ಮೊದಲ ದಿನ ಪಾರ್ಕಿನಲ್ಲಿ ಬರೀ 600 ಅಂತ ಬರೆದುಕೊಂಡಿದ್ದೆ. ಜೊತೆಗೆ ಬಂದ ಚೀಟಿಯಲ್ಲಿ ಏನೂ ಅರ್ಥವಾಗಲ್ಲ. ಫೋನ್ ಆ್ಯಪ್ ಸಾಲದಾ ಅಂತ ಕೇಳಿದವರಿಗೆ: ಒಂದೇ ಜಾಗದಲ್ಲಿ ನಮ್ಮ ಮನೆಯ ಎರಡು ಫೋನು ಎರಡು ಥರ ತೋರಿಸಿದವು, ಒಂದಕ್ಕೆ ಇನ್ನೊಂದು ದುಪ್ಪಟ್ಟು.

ದಯವಿಟ್ಟು ಇದನ್ನು ನೋಡಿ ಮಗುವಿನ ಮುಖಕ್ಕೆ ಜೋರು ದೀಪ ಹಿಡಿಯಬೇಡಿ, ಸೂರ್ಯನನ್ನು ನೋಡಲು ಬಿಡಲೇಬೇಡಿ. ಹೊರಗೆ ಆಡಲು ಬಿಟ್ಟರೆ ಸಾಕು, ನೆರಳಾದರೂ ಪರವಾಗಿಲ್ಲ. ದೊಡ್ಡವನ ಹಾಗೆ ಈಗಾಗಲೇ ಮೈನಸ್ ಬಂದವರಿಗೆ ಬಿಸಿಲು ಪವರ್ ಇಳಿಸಲ್ಲ, ಅವನ ಕಣ್ಣಿನ ಡಾಕ್ಟರ ಹತ್ತಿರ ಆರು ತಿಂಗಳಿಗೊಮ್ಮೆ ಹೋಗುವುದು ಹೋಗುತ್ತಲೇ ಇದ್ದೇವೆ.

ಈಗ ಚಿಕ್ಕವಳ ಹೋಂವರ್ಕ್ ಆರೂವರೆಗೆ, ನಾಲ್ಕೂವರೆಯಿಂದ ಆರರವರೆಗೆ ಪಾರ್ಕು. ಮೋಡದ ದಿನವೂ ಐದು ಗಂಟೆಗೆ 3,500 ತೋರಿಸಿದೆ. ತಗೊಳ್ಳುವವರು 9 ವೋಲ್ಟ್ ಬ್ಯಾಟರಿ ಬೇರೆ ತಂದಿಟ್ಟುಕೊಳ್ಳಿ, ಡಬ್ಬಿಯಲ್ಲಿ ಬರಲ್ಲ.