ಮಾಡೆಲ್ ಕಾರಿನ ಬಂಪರ್‌ಗೆ ಯಾವ ಕ್ರೋಮ್? ಪೆನ್, ಫಾಯಿಲ್, ಏರ್‌ಬ್ರಷ್ ಹಾಕಿ ನೋಡಿದ್ದು

ಕ್ರೋಮ್ ಹೇಗಿರಬೇಕು ಅಂತ ಮೈಸೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದರೂ ಅಲ್ಲಿ ತಯಾರಾದ ಬೈಕುಗಳು ಇನ್ನೂ ಊರಲ್ಲಿ ಓಡಾಡುತ್ತವೆ. ಹಳೇ ಜಾವಾದ ಟ್ಯಾಂಕಿನ ಪಕ್ಕ ಸ್ವಲ್ಪ ಬಗ್ಗಿ ನೋಡಿ. ಮೇಲೆ ಆಕಾಶ, ಕೆಳಗೆ ಕಪ್ಪು ರಸ್ತೆ, ನಡುವೆ ಚೂಪಾದ ಗೆರೆ. ಬೆಳ್ಳಿ ಬಣ್ಣ ಅನ್ನೋದು ಅಲ್ಲಿ ಇಲ್ಲವೇ ಇಲ್ಲ. ಆ ಗೆರೆ ಮಾಡೆಲ್ ಕಾರಿನ ಬಂಪರಿನಲ್ಲೂ ಕಂಡರೆ ಅದು ಕ್ರೋಮ್. ಕಾಣದಿದ್ದರೆ ಸಿಲ್ವರ್ ಪೇಂಟ್, ಅಷ್ಟೇ. ನನ್ನ ಅಳತೆಗೋಲು ಇದೊಂದೇ.

ಪ್ರಯೋಗಕ್ಕೆ ಸಿಕ್ಕಿದ್ದು 1957ರ ಶೆವ್ರೊಲೆ ಬೆಲ್ ಏರ್ ಕಾರಿನ 1:25 ಅಳತೆಯ, ಜೋಡಿಸಿಕೊಳ್ಳುವ ಪ್ಲಾಸ್ಟಿಕ್ ಕಿಟ್. ಬಂಪರ್, ಗ್ರಿಲ್, ಕಿಟಕಿ ಪಟ್ಟಿ, ಹೆಸರಿನ ಅಕ್ಷರ, ಎಲ್ಲವೂ ಕ್ರೋಮ್. ಕಿಟ್ ಜೊತೆ ಬರುವ ಭಾಗಗಳ ಮೇಲೆ ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಂ ಪದರ ಇರುತ್ತದೆ. ಹೊಳಪಿಗೇನೂ ಕೊರತೆ ಇಲ್ಲ, ಜಾಸ್ತಿಯೇ ಆಯಿತು. ತೊಂದರೆ ಏನೆಂದರೆ, ಅಚ್ಚಿನ ಗೆರೆ ಉಜ್ಜಿದರೆ ಕ್ರೋಮೂ ಹೋಗುತ್ತದೆ. ಭಾಗಗಳನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಕಡ್ಡಿಯಿಂದ ಕತ್ತರಿಸಿದ ಜಾಗದಲ್ಲಿ ಪ್ಲಾಸ್ಟಿಕ್ ಇಣುಕುತ್ತದೆ. ಹಾಗಾಗಿ ಮನೆಯ ಬ್ಲೀಚ್‌ನಲ್ಲಿ ನೆನೆಸಿ ಪೂರ್ತಿ ತೆಗೆದುಬಿಟ್ಟೆ. ಕೈಗೆ ಗ್ಲೌಸ್ ಇರಲಿ.

ಹಾರ್ಡ್‌ವೇರ್ ಅಂಗಡಿಯ 'ಕ್ರೋಮ್' ಸ್ಪ್ರೇ ಡಬ್ಬಿ ಗೇಟಿಗೆ ಸರಿ. ಕಾರಿಗೆ ಬೇಡ.

ಬಂಪರ್‌ಗೆ ಅಲ್‌ಕ್ಲ್ಯಾಡ್ ಕ್ರೋಮ್ ಅನ್ನೋ ಲ್ಯಾಕರ್ ಬಣ್ಣಕ್ಕೆ ಸಾಟಿ ಇಲ್ಲ. ಏರ್‌ಬ್ರಷ್‌ನಲ್ಲಿ, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನದಲ್ಲಿ, 12–15 ಪಿಎಸ್‌ಐ ಒತ್ತಡ ಇಟ್ಟು, ಮಂಜು ಕೂತ ಹಾಗೆ ತೆಳುವಾಗಿ ಹೊಡೆಯಬೇಕು. ಆದರೆ ಅರ್ಧ ಕೆಲಸ ಮಾಡೋದು ಅಡಿಗೆ ಮೊದಲೇ ಹೊಡೆದ ಹೊಳಪಿನ ಕಪ್ಪು ಬಣ್ಣ. ಆ ಕಪ್ಪು ಕನ್ನಡಿಯಷ್ಟು ನುಣುಪಾಗಿದ್ದರೆ ಮೇಲಿನದು ಕ್ರೋಮ್ ಆಗುತ್ತದೆ. ಒಂದು ಧೂಳಿನ ಕಣ ಇದ್ದರೂ ಎದ್ದು ಕಾಣುತ್ತದೆ. ಕ್ರೋಮ್ ದಪ್ಪವಾದರೆ ಕಪ್ಪಿನ ಆಳ ಮುಚ್ಚಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಮಾತು: ಆಷಾಢದ ಜಿಟಿಜಿಟಿ ಮಳೆಯಲ್ಲಿ ಲ್ಯಾಕರ್ ಮುಟ್ಟಲೇಬೇಡಿ. ಗಾಳಿಯ ತೇವಕ್ಕೆ ಬಿಳಿಚಿಕೊಳ್ಳುತ್ತದೆ. ವಾಸನೆಯೂ ಘಾಟು, ಮಾಸ್ಕ್ ಇಲ್ಲದೆ ಆಗದು.

ಮೊಲೊಟೊವ್ ಲಿಕ್ವಿಡ್ ಕ್ರೋಮ್ ಪೆನ್ನಿಗೆ ಈ ರಗಳೆ ಇಲ್ಲ. 1, 2, 4 ಮಿ.ಮೀ. ಮೊನೆಗಳಲ್ಲಿ ಸಿಗುತ್ತದೆ. ಬಾಗಿಲ ಹಿಡಿಕೆ, ಕನ್ನಡಿ, ಹೆಡ್‌ಲೈಟ್ ಸುತ್ತಿನ ಉಂಗುರಕ್ಕೆ ಒಂದು ಹನಿ ಬಿಟ್ಟರೆ ತಾನೇ ಹರಡಿಕೊಂಡು ಸಮವಾಗುತ್ತದೆ. ಹೊಳಪಿನಲ್ಲಿ ಅಲ್‌ಕ್ಲ್ಯಾಡನ್ನೂ ಮೀರಿಸುತ್ತದೆ ಅಂದರೂ ಸರಿ. ಆದರೆ ಒಣಗಲು ಬಿಡಬೇಕು ನೋಡಿ, ಗಂಟೆಗಟ್ಟಲೆ ಅಲ್ಲ, ದಿನಗಟ್ಟಲೆ. ಬೇಗ ಮುಟ್ಟಿದರೆ ಬೆರಳಚ್ಚು ಮಂಕಾಗಿ ಉಳಿಯುತ್ತದೆ. ಕಾಪಾಡೋಣ ಅಂತ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಹಾಕಿದರೆ ಹೊಳಪು ಅರ್ಧಕ್ಕೆ ಇಳಿಯುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಬೇರ್ ಮೆಟಲ್ ಫಾಯಿಲ್. ಬರ್ಫಿ ಮೇಲಿನ ಬೆಳ್ಳಿ ವರಖಿನ ಹಾಗೆ ತೆಳ್ಳಗೆ, ಹಿಂದೆ ಅಂಟು. ಕಿಟಕಿ ಪಟ್ಟಿಯ ಮೇಲೆ ಹಾಸಿ, ಇಯರ್ ಬಡ್‌ನಿಂದ ಉಜ್ಜಿ, ಟೂತ್‌ಪಿಕ್‌ನಿಂದ ಅಂಚು ಒತ್ತಿ, ಹೊಸ ಬ್ಲೇಡಿನಲ್ಲಿ ಕತ್ತರಿಸಬೇಕು. ಬ್ಲೇಡ್ ಮೊಂಡಾದರೆ ಫಾಯಿಲ್ ಹರಿಯುತ್ತದೆ. ಅಡುಗೆಮನೆ ಫಾಯಿಲ್ ಇದಕ್ಕೆ ದಪ್ಪ, ವಿವರವೆಲ್ಲ ಮುಚ್ಚಿಹೋಗುತ್ತದೆ. ಉಬ್ಬಿದ ಹೆಸರಿನ ಅಕ್ಷರಗಳಿಗೆ ಒಂದು ಉಪಾಯ ಇದೆ. ಬಾಡಿಗೆ ಬಣ್ಣ ಹೊಡೆಯುವ ಮೊದಲೇ ಅಕ್ಷರಕ್ಕೆ ಫಾಯಿಲ್ ಅಂಟಿಸಿ. ಬಣ್ಣ ಒಣಗಿದ ಮೇಲೆ ಥಿನ್ನರ್ ತಾಗಿಸಿದ ಬಟ್ಟೆಯನ್ನು ಅಕ್ಷರದ ತಲೆಯ ಮೇಲಷ್ಟೇ ಹಗುರವಾಗಿ ಆಡಿಸಿ. ಬಣ್ಣ ಹೋಗಿ 'ಬೆಲ್ ಏರ್' ಲೋಹದಲ್ಲೇ ಬರೆದ ಹಾಗೆ ಮೂಡುತ್ತದೆ. ಪೆನ್ನಿನಲ್ಲಿ ಇಷ್ಟು ಚೂಪು ಬರಲ್ಲ. ಎರಡು ಕಡೆ ಬಾಗಿದ ಬಂಪರ್ ಮೂಲೆಗೆ ಮಾತ್ರ ಫಾಯಿಲ್ ಸೋಲುತ್ತದೆ, ಸುಕ್ಕು ಬಿಡಲ್ಲ.

ಏರ್‌ಬ್ರಷ್ ಇಲ್ಲದವರು ಪೆನ್ನು, ಫಾಯಿಲ್ ಎರಡನ್ನೂ ತಗೊಳ್ಳಿ, ಬಂಪರ್‌ಗೂ ಪೆನ್ನೇ ಸಾಕು. ಏರ್‌ಬ್ರಷ್ ಇದ್ದರೆ ಬಂಪರ್‌ಗೆ ಅಲ್‌ಕ್ಲ್ಯಾಡ್, ಪಟ್ಟಿಗೆ ಫಾಯಿಲ್, ಚಿಲ್ಲರೆ ಭಾಗಗಳಿಗೆ ಪೆನ್. ಗ್ರಿಲ್ ಸಂದಿಗೆ ಕಪ್ಪು ಇಳಿಸುವಾಗ ನೀರಿನಲ್ಲಿ ಕದಡುವ ಅಕ್ರಿಲಿಕ್ಕೇ ಬಳಸಿ. ಪೆನ್ನಿನ ಕ್ರೋಮ್‌ಗೆ ಆಲ್ಕೋಹಾಲ್ ತಾಗಿದರೆ ಕರಗಿಬಿಡುತ್ತದೆ.