ತಾರಸಿ ನಗರದ್ದು, ಫಲಕ ಕಂಪನಿಯದು: ಸೌರ ವಿದ್ಯುತ್ ಸೇವೆಯೊಂದರ ಮೂರು ವರ್ಷ

ಸಾರ್ವಜನಿಕ ಕಟ್ಟಡದ ತಾರಸಿಯ ಮೇಲೆ ಕಂಪನಿಯೊಂದು ತನ್ನ ಹಣದಲ್ಲೇ ಸೌರ ಫಲಕಗಳನ್ನು ಕೂರಿಸಿ, ಅಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ಯೂನಿಟ್ಟಿಗೆ ಇಂತಿಷ್ಟೆಂಬ ದರದಲ್ಲಿ ಅದೇ ಕಟ್ಟಡಕ್ಕೆ ಮಾರುವ ಸೇವೆಯನ್ನು ನಾನು ಕೆಲಸ ಮಾಡುವ ನಗರಾಡಳಿತ ಪಡೆಯಲಾರಂಭಿಸಿ ಮೂರು ವರ್ಷಗಳಾದವು. ಫಲಕ, ಅದರ ವಿದ್ಯುತ್ತನ್ನು ಕಟ್ಟಡದಲ್ಲಿ ಬಳಸುವ ರೂಪಕ್ಕೆ ಬದಲಿಸುವ ಇನ್ವರ್ಟರ್, ತಂತಿ ಎಲ್ಲವೂ ಕಂಪನಿಯ ಆಸ್ತಿ. ತಾರಸಿ ಮಾತ್ರ ನಗರದ್ದು. ಗ್ರಂಥಾಲಯ, ಆಡಳಿತ ಕಚೇರಿ, ಆರೋಗ್ಯ ಕೇಂದ್ರ ಮತ್ತು ನೀರು ಸರಬರಾಜಿನ ಪಂಪ್‌ಹೌಸ್ ಈ ನಾಲ್ಕು ಕಡೆಯೂ ಮೀಟರುಗಳನ್ನು ತಿಂಗಳು ತಿಂಗಳು ನಾನೇ ಓದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಪಂಪ್‌ಹೌಸ್ ಮತ್ತು ಕಚೇರಿಗೆ ಈ ಸೇವೆಯನ್ನು ಯಾವ ನಗರವಾದರೂ ಧೈರ್ಯವಾಗಿ ಪಡೆಯಬಹುದು. ಗ್ರಂಥಾಲಯಕ್ಕೆ ಲೆಕ್ಕ ಹಾಕಿ ನೋಡಬೇಕು. ಆರೋಗ್ಯ ಕೇಂದ್ರಕ್ಕೆ, ನಮಗೆ ಸಿಕ್ಕ ರೂಪದಲ್ಲಿ, ಇದು ಸಾಲದು.

ಇದಕ್ಕೂ ಮೊದಲು ಶಾಲಾ ಕಟ್ಟಡವೊಂದರ ಮೇಲೆ ಅನುದಾನದ ಹಣದಲ್ಲಿ ನಾವೇ ಫಲಕಗಳನ್ನು ಕೊಂಡು ಹಾಕಿಸಿದ್ದೆವು. ಕೊಳ್ಳಲು ಹಣವಿತ್ತು, ತೊಳೆಯುವವರಿಗೆ ಸಂಬಳ ಕೊಡಲು ಇರಲಿಲ್ಲ. ಇನ್ವರ್ಟರ್ ಕೆಟ್ಟು ಎಷ್ಟೋ ತಿಂಗಳು ನಿಂತಿದ್ದರೂ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಶಾಲೆಯವರು ಬಿಲ್ ನೋಡುತ್ತಿರಲಿಲ್ಲ, ಬಿಲ್ ಕಟ್ಟುವ ಲೆಕ್ಕಪತ್ರ ವಿಭಾಗದವರು ತಾರಸಿ ನೋಡುತ್ತಿರಲಿಲ್ಲ. ಹೊಸ ಸೇವೆಯಲ್ಲಿ ಈ ತೊಂದರೆ ಬುಡದಲ್ಲೇ ನಿವಾರಣೆಯಾಗಿದೆ. ಮೀಟರಿನಲ್ಲಿ ಯೂನಿಟ್ ದಾಖಲಾಗದಿದ್ದರೆ ಕಂಪನಿಗೆ ಹಣ ಬರುವುದಿಲ್ಲ. ಆದ್ದರಿಂದ ಧೂಳು ಕೂತ ವಾರದಲ್ಲೇ ಅವರ ಜನ ನೀರಿನ ಪೈಪ್ ಹಿಡಿದು ತಾರಸಿ ಹತ್ತುತ್ತಾರೆ. ಪಂಪ್‌ಹೌಸಿನ ಇನ್ವರ್ಟರ್ ಒಂದು ಬೆಳಿಗ್ಗೆ ನಿಂತಾಗ, ನಾವು ದೂರು ಕೊಡುವ ಮೊದಲೇ ರಿಪೇರಿಗೆ ಬಂದಿದ್ದರು. ಸಾಮಾನ್ಯವಾಗಿ 10ರಿಂದ 15 ವರ್ಷದೊಳಗೆ ಇನ್ವರ್ಟರನ್ನು ಬದಲಿಸಬೇಕಾಗುತ್ತದೆ, ಫಲಕಗಳ ಉತ್ಪಾದನೆ ವರ್ಷಕ್ಕೆ ಸುಮಾರು ಶೇಕಡಾ 0.5ರಷ್ಟು ಕುಗ್ಗುತ್ತದೆ. 25 ವರ್ಷದ ಕರಾರಿನಲ್ಲಿ ಈ ಹೊರೆಯನ್ನು ಕಂಪನಿಯೇ ಹೊರುವುದು ಸಣ್ಣ ಅನುಕೂಲವಲ್ಲ.

ಈ ಸೇವೆಯ ನಿಜವಾದ ಬೆಲೆ ನನಗೆ ಮನವರಿಕೆಯಾದದ್ದು ಪಂಪ್‌ಹೌಸಿನಲ್ಲಿ. ಕುಡಿಯುವ ನೀರು ಮತ್ತು ಒಳಚರಂಡಿಯ ಘಟಕಗಳೇ ಬಹುತೇಕ ನಗರಾಡಳಿತಗಳಲ್ಲಿ ಅತಿ ಹೆಚ್ಚು ವಿದ್ಯುತ್ ಬಳಸುವ ಜಾಗಗಳು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ, ಅಲ್ಲಿನ ಸ್ಥಳೀಯ ಆಡಳಿತಗಳು ಬಳಸುವ ಒಟ್ಟು ಶಕ್ತಿಯಲ್ಲಿ ಶೇಕಡಾ 30ರಿಂದ 40ರಷ್ಟು ಇವುಗಳಿಗೇ ಹೋಗುವುದುಂಟು. ಪಂಪ್‌ಹೌಸಿನ ತಾರಸಿ ಚಿಕ್ಕದಾದರೂ ಸುತ್ತಲಿನ ಖಾಲಿ ನೆಲ ದೊಡ್ಡದು, ಮರದ ನೆರಳಿಲ್ಲ, ಕಾವಲು ಮೊದಲೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಎತ್ತರದಲ್ಲಿ ಒಂದು ನೀರಿನ ಟ್ಯಾಂಕ್ ಇದೆ. ಬಿಸಿಲು ಇದ್ದಾಗ ಮೇಲಕ್ಕೇರಿಸಿದ ನೀರು ರಾತ್ರಿ ತಾನಾಗಿ ಕೆಳಗಿಳಿದು ಮನೆಗಳಿಗೆ ಹರಿಯುತ್ತದೆ. ಬ್ಯಾಟರಿಗೆ ಹಾಕಬೇಕಾದ ಹಣವನ್ನು ಆ ಟ್ಯಾಂಕೇ ಉಳಿಸುತ್ತದೆ. ನಮ್ಮ ಪಂಪುಗಳು ಮೊದಲು ನಸುಕಿನಲ್ಲಿ ಓಡುತ್ತಿದ್ದವು. ಅದಕ್ಕೆ ತಾಂತ್ರಿಕ ಕಾರಣವೇನೂ ಇರಲಿಲ್ಲ, ಹಿಂದಿನಿಂದ ನಡೆದುಬಂದ ಪಾಳಿಯ ವೇಳೆ ಹಾಗಿತ್ತು, ಅಷ್ಟೆ. ಪಾಳಿಯನ್ನು ಹಗಲಿಗೆ ಬದಲಿಸಿ ಹತ್ತು ಗಂಟೆಯಿಂದ ಮೂರು ಗಂಟೆಯವರೆಗೆ ಟ್ಯಾಂಕ್ ತುಂಬಿಸಲು ಆರಂಭಿಸಿದ ಮೇಲೆ ಫಲಕದ ವಿದ್ಯುತ್ ಬಹುಪಾಲು ಅಲ್ಲೇ ಬಳಕೆಯಾಗುತ್ತಿದೆ. ಈ ಬದಲಾವಣೆಯ ಸಲಹೆ ಕೊಟ್ಟವರು ಕಂಪನಿಯ ಎಂಜಿನಿಯರರಲ್ಲ, ಬಹಳ ಕಾಲದಿಂದ ಪಂಪ್ ನಡೆಸುತ್ತಿದ್ದ ನಮ್ಮ ಸಿಬ್ಬಂದಿ ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ.

ಕಚೇರಿಯ ಕಥೆ ಸರಳ. ಜನರ ಕೆಲಸದ ವೇಳೆಯೂ ಬಿಸಿಲಿನ ವೇಳೆಯೂ ಒಂದೇ. ಗ್ರಂಥಾಲಯಕ್ಕೆ ಓದುಗರು ಹೆಚ್ಚಾಗಿ ಸಂಜೆ ಬರುತ್ತಾರೆ, ವಾರದ ರಜೆಯಂದು ಬಾಗಿಲೇ ತೆರೆಯುವುದಿಲ್ಲ. ಅಂದು ಉತ್ಪಾದನೆಯಾದ ವಿದ್ಯುತ್ತನ್ನು ವಿದ್ಯುತ್ ಜಾಲಕ್ಕೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ ಅವಕಾಶ ಇದ್ದಲ್ಲಿ ಮಾತ್ರ ಲೆಕ್ಕ ಕೂಡುತ್ತದೆ.

ಆರೋಗ್ಯ ಕೇಂದ್ರದ ವಿಷಯದಲ್ಲಿ ನನಗೆ ಬೇಸರವಿದೆ. ಸೋಲಾರ್ ಬಂದರೆ ಕರೆಂಟ್ ಹೋದಾಗಲೂ ಲಸಿಕೆಯ ಫ್ರಿಜ್ ನಡೆಯುತ್ತದೆ ಎಂದು ಅಲ್ಲಿನ ದಾದಿಯರು ನಂಬಿದ್ದರು, ಮಾರಾಟಕ್ಕೆ ಬಂದವರು ಆ ನಂಬಿಕೆಯನ್ನು ತಿದ್ದಲಿಲ್ಲ. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಜಾಲದಲ್ಲಿ ವಿದ್ಯುತ್ ನಿಂತ ಕ್ಷಣವೇ ತಾನೂ ನಿಲ್ಲುತ್ತದೆ. ಹಾಗೆ ನಿಲ್ಲಲೇಬೇಕು, ಇಲ್ಲದಿದ್ದರೆ ಲೈನಿನ ಮೇಲೆ ದುರಸ್ತಿ ಮಾಡುತ್ತಿರುವವರಿಗೆ ಶಾಕ್ ಹೊಡೆಯುವ ಅಪಾಯವಿದೆ. ನಿಯಮ ಸರಿಯಾದದ್ದೇ, ಅದನ್ನು ಮುಂಚೆ ತಿಳಿಸದಿದ್ದುದು ತಪ್ಪು. ಮೊದಲ ಬಾರಿ ಕರೆಂಟ್ ಹೋದ ಮಧ್ಯಾಹ್ನ, ತಾರಸಿಯ ತುಂಬ ಬಿಸಿಲು ಬಿದ್ದಿದ್ದರೂ ಕೆಳಗೆ ಡೀಸೆಲ್ ಜನರೇಟರ್ ಚಾಲೂ ಮಾಡಬೇಕಾಯಿತು. ಅತ್ಯಗತ್ಯ ಸಾಧನಗಳಿಗೆ ಪ್ರತ್ಯೇಕ ವೈರಿಂಗ್, ಬ್ಯಾಟರಿ ಮತ್ತು ಜಾಲವಿಲ್ಲದೆಯೂ ನಡೆಯಬಲ್ಲ ಇನ್ವರ್ಟರ್ ಇಲ್ಲದೆ ಆಸ್ಪತ್ರೆಯಂಥ ಕಡೆ ಈ ಸೇವೆಯನ್ನು ಒಪ್ಪಿಕೊಳ್ಳಬಾರದು.

ಕರಾರನ್ನು ಓದುವವರು ಗಮನಿಸಬೇಕಾದ ಕೆಲವು ಮಾತುಗಳಿವೆ. ಒಂದು ಕಿಲೋವ್ಯಾಟ್ ಫಲಕಕ್ಕೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಜಾಗ ಬೇಕು. ಅಷ್ಟು ಜಾಗದಲ್ಲಿ ಕಂಬಿ ನೆಟ್ಟ ಮೇಲೆ ತಾರಸಿ ಸೋರಿದರೆ ಹೊಣೆ ಯಾರದು, ರಿಪೇರಿಗಾಗಿ ಫಲಕ ಬಿಚ್ಚಿಡುವ ಖರ್ಚು ಯಾರದು ಎಂಬುದು ನಮ್ಮ ಮೊದಲ ಕರಾರಿನಲ್ಲಿ ಇರಲೇ ಇಲ್ಲ. ಹಳೆಯ ತಾರಸಿಯಾದರೆ ಮೊದಲು ಅದನ್ನು ದುರಸ್ತಿ ಮಾಡಿಸಿಯೇ ಫಲಕ ಹಾಕಿಸಬೇಕು. ವರ್ಷ ವರ್ಷ ದರ ಏರಿಸುವ ಷರತ್ತು ಮೊದಲಿಗೆ ಹಗುರವಾಗಿ ಕಂಡರೂ ಹದಿನೈದನೇ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಬರೆದು ನೋಡಬೇಕು. ಇನ್ನೊಂದು ಅಂಶವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹಲವು ದೇಶಗಳಲ್ಲಿ ಇಂಥ ವಿದ್ಯುತ್ತಿಗೆ ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರ, ಅಂದರೆ ಅದು ಬಿಸಿಲು, ಗಾಳಿಯಂಥ ಮೂಲದಿಂದ ಬಂದದ್ದೆಂದು ದೃಢಪಡಿಸುವ, ಕೊಳ್ಳಲು ಮಾರಲು ಬರುವ ದಾಖಲೆ ದೊರೆಯುತ್ತದೆ. ಕಂಪನಿ ಅದನ್ನು ಬೇರೆಯವರಿಗೆ ಮಾರಿದರೆ, ತನ್ನ ಗ್ರಂಥಾಲಯ ಸೌರ ವಿದ್ಯುತ್ತಿನಿಂದ ನಡೆಯುತ್ತಿದೆ ಎಂದು ಹೇಳಿಕೊಳ್ಳುವ ಹಕ್ಕು ನಗರಕ್ಕೆ ಉಳಿಯುವುದಿಲ್ಲ.

ಕಂಪನಿಯ ಸಮೀಕ್ಷೆಯಲ್ಲಿ ನನಗೆ ಕಂಡ ದೊಡ್ಡ ಕೊರತೆಯೆಂದರೆ, ಬಳಕೆ ತಗ್ಗಿಸುವ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ. ಹೆಚ್ಚು ಯೂನಿಟ್ ಮಾರಿದಷ್ಟೂ ಲಾಭ ಇರುವವರಿಂದ ಅದನ್ನು ನಿರೀಕ್ಷಿಸುವುದೂ ಕಷ್ಟ. ಕಚೇರಿಯ ಹಳೆಯ ಟ್ಯೂಬ್‌ಲೈಟುಗಳನ್ನು ತೆಗೆದು ಎಲ್‌ಇಡಿ ಹಾಕಿಸುವ ಕೆಲಸವನ್ನು ನಗರವೇ ಮೊದಲು ಮುಗಿಸಿಕೊಂಡು, ಆನಂತರ ಎಷ್ಟು ಕಿಲೋವ್ಯಾಟ್ ಬೇಕೆಂದು ನಿರ್ಧರಿಸುವುದು ಸರಿಯಾದ ಕ್ರಮ.

ತಾರಸಿಗಳಿಂದ ಮಾತ್ರ ಇಡೀ ನಗರದ ಸೌಲಭ್ಯಗಳು ನಡೆಯಲಾರವು ಎಂಬುದನ್ನೂ ಹೇಳಬೇಕು. ಬೀದಿದೀಪ ಉರಿಯುವುದೇ ಸೂರ್ಯ ಮುಳುಗಿದ ಮೇಲೆ. ಆ ಭಾಗಕ್ಕೆ ಮೆಲ್ಬರ್ನ್ ನಗರ ಹಿಡಿದ ದಾರಿ ನನಗೆ ಮೆಚ್ಚುಗೆಯಾಗಿದೆ. ನಗರಾಡಳಿತ ತಾನೊಬ್ಬನೇ ಹೋಗದೆ ವಿಶ್ವವಿದ್ಯಾಲಯ, ಬ್ಯಾಂಕ್ ಮೊದಲಾದವನ್ನು ಸೇರಿಸಿಕೊಂಡು ಒಟ್ಟು 14 ಸಂಸ್ಥೆಗಳ ಗುಂಪು ಕಟ್ಟಿ, ಕ್ರೌಲೆಂಡ್ಸ್ ಎಂಬಲ್ಲಿ ಹೊಸದಾಗಿ ಕಟ್ಟುವ ಗಾಳಿ ವಿದ್ಯುತ್ ಘಟಕದಿಂದ ದೀರ್ಘಾವಧಿಗೆ ಖರೀದಿಸುವ ಕರಾರು ಮಾಡಿಕೊಂಡಿತು. 2019ರ ಜನವರಿಯಿಂದ ಆ ಆಡಳಿತದ ಕಟ್ಟಡಗಳು, ಬೀದಿದೀಪಗಳು ನವೀಕರಿಸಬಹುದಾದ ವಿದ್ಯುತ್ತಿನ ಲೆಕ್ಕದಲ್ಲೇ ನಡೆಯುತ್ತಿವೆ. ಖರೀದಿದಾರರು ಮುಂಚಿತವಾಗಿ ಖಚಿತವಾದುದರಿಂದಲೇ ಘಟಕ ಕಟ್ಟಲು ಸಾಲ ಸುಲಭವಾಗಿ ಹುಟ್ಟುತ್ತದೆ ಎಂಬುದು ಇಂಥ ಗುಂಪು ಖರೀದಿಯ ಬಲ. ಅಮೆರಿಕದ ಗ್ರೆಶಮ್ ನಗರದ ಕೊಳಚೆ ನೀರಿನ ಸಂಸ್ಕರಣಾ ಘಟಕ ಇನ್ನೊಂದು ದಾರಿ ತೋರಿಸಿದೆ. ಕೊಳಚೆಯ ಕೆಸರಿನ ಜತೆಗೆ ಹೋಟೆಲುಗಳ ಎಣ್ಣೆ ಜಿಡ್ಡನ್ನೂ ಕೊಳೆಸಿ ಅನಿಲ ತೆಗೆದು, ಸೌರ ಫಲಕಗಳನ್ನೂ ಬಳಸಿ, 2015ರಲ್ಲಿ ಆ ಘಟಕ ತನಗೆ ಬೇಕಾದಷ್ಟು ವಿದ್ಯುತ್ತನ್ನು ತಾನೇ ಉತ್ಪಾದಿಸುವ ಮಟ್ಟ ಮುಟ್ಟಿತು.

ನಾವು ಪಡೆದ ಸೇವೆಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ನಿರ್ವಹಣೆಗೆ ಪೂರ್ಣ ಅಂಕ, ಪ್ರಾಮಾಣಿಕ ವಿವರಣೆಗೆ ಕಡಿಮೆ. ಮುಂದಿನ ಟೆಂಡರಿನ ಕರಡು ನನ್ನ ಮೇಜಿನ ಮೇಲಿದೆ. ಅದರಲ್ಲಿ ಕನಿಷ್ಠ ಉತ್ಪಾದನೆಯ ಖಾತರಿ, ತಾರಸಿಯ ಹೊಣೆ, ಪ್ರಮಾಣಪತ್ರದ ಒಡೆತನ ಇವೆಲ್ಲ ಸೇರಿವೆ. ಆರೋಗ್ಯ ಕೇಂದ್ರದ ಬ್ಯಾಟರಿಯ ಗಾತ್ರವನ್ನು ಮಾತ್ರ ನಾನು ಇನ್ನೂ ಬರೆದಿಲ್ಲ. ಯಾವ ಯಂತ್ರ ಎಷ್ಟು ಹೊತ್ತು ನಿಲ್ಲದೆ ನಡೆಯಬೇಕೆಂದು ಈ ವಾರ ದಾದಿಯರೊಡನೆ ಕೂತು ಪಟ್ಟಿ ಮಾಡಲಿದ್ದೇವೆ.