ಸ್ಪೀಡ್ ನೋಡಿ ತಗೊಂಡೆ, ಈಗ ಓಡ್ಸೋದಕ್ಕಿಂತ ಬಿಚ್ಚೋದೇ ಜಾಸ್ತಿ: 1/16 ಆರ್‌ಸಿ ಟ್ರಕ್ ರಿವ್ಯೂ

ಈ ಆರ್‌ಸಿ, ಅಂದ್ರೆ ರಿಮೋಟಲ್ಲಿ ಓಡೋ ಪುಟ್ಟ ಟ್ರಕ್ಕನ್ನ ಎಂಟು ತಿಂಗಳಿಂದ ಓಡಿಸ್ತಿದೀನಿ, ಹಂಗಾಗಿ ಡಬ್ಬ ಬಿಚ್ಚಿದ ದಿನದ ಖುಷಿಲಿ ಬರೀತಿರೋದಲ್ಲ ಇದು. 1/16 ಸ್ಕೇಲ್ (ನಿಜವಾದ ಗಾಡಿಯ ಹದಿನಾರನೇ ಒಂದು ಸೈಜು), ಫೋರ್ ವೀಲ್ ಡ್ರೈವ್, ಬ್ರಷ್ಡ್ ಮೋಟರ್ (ಒಳಗೆ ಬ್ರಷ್ ಇರೋ ಸಾದಾ ಮೋಟರ್), 2ಎಸ್ ಲಿಪೋ ಬ್ಯಾಟರಿ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್), 2.4 ಗಿಗಾಹರ್ಟ್ಸ್ ರಿಮೋಟ್. ಹೆಸರು ಹೇಳಲ್ಲ, ಈ ಸೈಜಿನ ಯಾವ ಗಾಡಿ ನಿಮ್ಮ ಹತ್ರ ಇದ್ರೂ ಮುಕ್ಕಾಲು ಪಾಲು ಇದೇ ಕಥೆ.

ಮೊದ್ಲು ಬೈಗುಳ. ಮೊದಲನೇ ಚಾರ್ಜ್ ಮುಗಿಯೋಕೆ ಮುಂಚೆನೇ ಗಾಡಿ ನಿಂತೋಯ್ತು, ಮೋಟರ್ ಕುಂಯ್ ಅಂತ ಸುತ್ತುತ್ತೆ, ಚಕ್ರ ಮಾತ್ರ ಅಲ್ಲಾಡಲ್ಲ. ಬಿಚ್ಚಿ ನೋಡಿದ್ರೆ ಸ್ಪರ್ ಗೇರ್ (ಮೋಟರ್ ತಿರುಗಿಸೋ ದೊಡ್ಡ ಗೇರ್) ಹಲ್ಲೆಲ್ಲಾ ಬೋಳು! ಮೋಟರ್ ಹಿಡಿದಿರೋ ಎರಡು ಸ್ಕ್ರೂಲಿ ಒಂದು ಪೂರ್ತಿ ಸಡಿಲ, ಮೋಟರ್ ಹಿಂದಕ್ಕೆ ಜರುಗಿ ಪಿನಿಯನ್ನಿನ (ಮೋಟರ್ ತುದಿಲಿರೋ ಚಿಕ್ಕ ಗೇರ್) ಹಲ್ಲು ತುದಿಲಿ ಮಾತ್ರ ಸ್ಪರ್‌ಗೆ ತಾಗ್ತಿತ್ತು. ಪಿನಿಯನ್ ಲೋಹದ್ದು, ಸ್ಪರ್ ಪ್ಲಾಸ್ಟಿಕ್ಕು, ಯಾವುದು ಸೋಲುತ್ತೆ ಅಂತ ಹೇಳೋದೇ ಬೇಡ. ಬಾಕ್ಸ್ ಮೇಲೆ "ರೆಡಿ ಟು ರನ್" ಅಂತ ದೊಡ್ಡದಾಗಿ ಬರೆದಿರ್ತಾರಲ್ಲ, ಅದನ್ನ ನಂಬಿ ನೇರ ಮಣ್ಣಿಗೆ ಇಳಿಸಿದ್ದು ನನ್ನ ತಪ್ಪು. ಮೊದಲನೇ ಸಂಜೆ ಸ್ಕ್ರೂ ಡ್ರೈವರ್ ಹಿಡ್ಕೊಂಡು ಕೂರ್ಬೇಕಿತ್ತು.

ಮೆಶ್, ಅಂದ್ರೆ ಎರಡು ಗೇರ್ ಹಲ್ಲು ಕೂರೋ ಅಂತರ, ಸೆಟ್ ಮಾಡೋದು ಸುಲಭ, ನೋಟ್‌ಬುಕ್ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ ಎರಡು ಗೇರ್ ಮಧ್ಯ ಸಿಕ್ಸಿ, ಮೋಟರನ್ನ ಸ್ಪರ್ ಕಡೆಗೆ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಆಮೇಲೆ ಗೇರ್ ತಿರುಗಿಸಿ ಪೇಪರ್ ಆಚೆ ತೆಗೀರಿ. ಮಡಿಕೆ ಬಿದ್ದಿದ್ರೂ ಹರೀದೆ ಬಂದ್ರೆ ಸರಿ, ತೂತಾಗಿ ಬಂದ್ರೆ ತೀರಾ ಬಿಗಿ. ಒಂದೇ ಜಾಗದಲ್ಲಿ ನೋಡಿ ಬಿಡ್ಬೇಡಿ, ಪ್ಲಾಸ್ಟಿಕ್ ಸ್ಪರ್ ಪಕ್ಕಾ ದುಂಡಗೆ ಇರಲ್ಲ, ಸ್ವಲ್ಪ ಸ್ವಲ್ಪನೇ ತಿರುಗಿಸಿ ನಾಲ್ಕು ಕಡೆ ನೋಡಿ, ಅತ್ಯಂತ ಬಿಗಿ ಇರೋ ಜಾಗದಲ್ಲೂ ಕೂದಲೆಳೆಯಷ್ಟು ಆಟ ಇರ್ಬೇಕು. ಸಡಿಲ ಆದ್ರೆ ಹಲ್ಲು ಹೋಗುತ್ತೆ, ಬಿಗಿ ಆದ್ರೆ ಮೋಟರ್ ಬಿಸಿ ಆಗುತ್ತೆ. ಆ ಮೋಟರ್ ಸ್ಕ್ರೂಗೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲ ಆಗದಂಗೆ ಹಿಡಿಯೋ ಅಂಟು) ಒಂದು ಹನಿ ಹಾಕಿ. ಲೋಹಕ್ಕೆ ಲೋಹ ಕೂರೋ ಕಡೆ ಮಾತ್ರ ಹಾಕಿ, ಪ್ಲಾಸ್ಟಿಕ್ಕಿಗೆ ಹಾಕಿದ್ರೆ ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತೆ.

ಸ್ಪೀಡ್ ವಿಷಯಕ್ಕೆ ಬರೋಣ, ಎಲ್ರಿಗೂ ಬೇಕಾಗಿರೋದು ಅದೇ ತಾನೆ. ನಾನೂ ಆಸೆ ಬಿದ್ದು ಪಿನಿಯನ್ ಎರಡು ಹಲ್ಲು ದೊಡ್ಡದು ಹಾಕಿದೆ. ನೆಟ್ಟಗಿರೋ ಗಟ್ಟಿ ನೆಲದಲ್ಲಿ ಮಸ್ತ್ ಓಡ್ತು. ಅದೇ ಜೋಶಲ್ಲಿ ಹುಲ್ಲಿಗೆ ಇಳಿಸಿದೆ, ಐದು ನಿಮಿಷಕ್ಕೆ ಸುಟ್ಟ ವಾಸನೆ. ಮೋಟರ್ ಸಾಯ್ಲಿಲ್ಲ, ಆದ್ರೆ ಅವತ್ತಿಂದ ಮೊದಲಿನ ಎಳೆತ ಇಲ್ಲ, ಯಾಕಂದ್ರೆ ಅತಿಯಾಗಿ ಕಾದ್ರೆ ಒಳಗಿರೋ ಮ್ಯಾಗ್ನೆಟ್ಟಿನ ಶಕ್ತಿ ಕುಂದುತ್ತೆ, ಆರಿದ ಮೇಲೂ ಅದು ವಾಪಸ್ ಬರಲ್ಲ. ದೊಡ್ಡ ಪಿನಿಯನ್ ಅಂದ್ರೆ ಟಾಪ್ ಸ್ಪೀಡ್ ಜಾಸ್ತಿ, ಎಳೆಯೋ ಶಕ್ತಿ ಕಮ್ಮಿ, ಕರೆಂಟ್ ಎಳೆಯೋದು ಜಾಸ್ತಿ. ಹುಲ್ಲು, ಮರಳು, ಏರು ಇದ್ರೆ ಚಿಕ್ಕ ಪಿನಿಯನ್ನೇ ವಾಸಿ. ಬದಲಾಯಿಸೋದಿದ್ರೆ ಒಂದೊಂದೇ ಹಲ್ಲು ಬದಲಾಯಿಸಿ, ಮೂರು ನಾಲ್ಕು ನಿಮಿಷ ಓಡಿಸಿ ಮೋಟರ್ ಮುಟ್ಟಿ ನೋಡಿ, ಬೆರಳು ಮೂರು ಸೆಕೆಂಡ್ ಇಡೋಕೆ ಆಗ್ಲಿಲ್ಲ ಅಂದ್ರೆ ನಿಲ್ಸಿ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ರೆ ಇನ್ನೂ ಒಳ್ಳೇದು, ನಾನು 80 ಡಿಗ್ರಿ ಸೆಲ್ಸಿಯಸ್ ದಾಟೋಕೆ ಬಿಡಲ್ಲ.

ಈಗ ಶಾಕ್ಸ್ (ಕುಲುಕಾಟ ತಡೆಯೋ ಶಾಕ್ ಅಬ್ಸಾರ್ಬರ್), ನಂಗೆ ಈ ಗಾಡಿ ಮೇಲೆ ಪ್ರೀತಿ ಬಂದಿದ್ದೇ ಇಲ್ಲಿಂದ. ಹೊಸದರಲ್ಲಿ ಗಾಡಿ ಸಣ್ಣ ಕಲ್ಲು ಹತ್ತಿದ್ರೂ ಕಪ್ಪೆ ತರ ಕುಪ್ಪಳಿಸ್ತಿತ್ತು. ಬಿಚ್ಚಿದ್ರೆ ಒಂದರಲ್ಲಿ ಎಣ್ಣೆ ಅರ್ಧ, ಒಂದರಲ್ಲಿ ಹೆಸರಿಗೆ ಅಂತ ಒಂದು ತೊಟ್ಟು, ಮಿಕ್ಕಿದ್ದೆಲ್ಲಾ ಗಾಳಿ. ನಾಲ್ಕಕ್ಕೂ 35 ವೇಟ್ (ಎಣ್ಣೆ ದಪ್ಪದ ಅಳತೆ) ಸಿಲಿಕಾನ್ ಆಯಿಲ್ ತುಂಬಿದೆ. ಶಾಫ್ಟ್ ಕೆಳಗೆ ಎಳೆದು, ಎಣ್ಣೆ ಹಾಕಿ, ಪಿಸ್ಟನ್ ನಿಧಾನಕ್ಕೆ ಮೇಲೆ ಕೆಳಗೆ ಆಡಿಸ್ತಾ ಗುಳ್ಳೆ ಎಲ್ಲಾ ಮೇಲೆ ಬರೋವರೆಗೆ ಕಾಯ್ಬೇಕು, ಇಲ್ಲಿ ಅವಸರ ಮಾಡಿದ್ರೆ ಮುಚ್ಚಳ ಹಾಕಿದ ಮೇಲೆ ಒಳಗೆ ಪಿಚಪಿಚ ಸದ್ದು ಬರುತ್ತೆ, ಮತ್ತೆ ಮೊದಲಿಂದ. ಮನೇಲಿರೋ ಬೈಕ್ ಆಯಿಲ್ ಹಾಕಿಬಿಡೋಣ ಅಂತ ಅನ್ಸುತ್ತೆ, ಬೇಡ, ಸಿಲಿಕಾನ್ ಓ-ರಿಂಗ್ ಇದ್ರೆ ಊದ್ಕೊಳ್ಳುತ್ತೆ, ಬಿಸಿಲು ಚಳಿಗೆ ಎಣ್ಣೆ ದಪ್ಪನೂ ತುಂಬಾ ಬದಲಾಗುತ್ತೆ. ತುಂಬಿದ ಮೇಲೆ ಎಡ ಬಲ ಎರಡೂ ಕೈಲಿ ಹಿಡಿದು ಒಟ್ಟಿಗೆ ಒತ್ತಿ, ಎರಡೂ ಒಂದೇ ವೇಗದಲ್ಲಿ ಇಳೀಬೇಕು.

ಅದಾದ್ಮೇಲೆ ಗಾಡಿನ ಒಂದು ಗೇಣು ಎತ್ತರದಿಂದ ಬಿಟ್ಟೆ. ಮೊದ್ಲು ಎರಡು ಮೂರು ಸಲ ಕುಣೀತಿತ್ತು, ಈಗ ಧಪ್ ಅಂತ ಕೂತು ಒಂದೇ ಸಲ ಎದ್ದು ನಿಲ್ತು. ಆ ಒಂದು ಸದ್ದಿಗೆ ಎರಡು ಗಂಟೆ ಕೆಲಸ ಸಾರ್ಥಕ ಅನ್ನಿಸ್ತು ಕಣ್ರೀ. ಎತ್ತರ ಹೊಂದಿಸೋಕೆ ಸ್ಪ್ರಿಂಗ್ ಮೇಲೆ ಸಿಕ್ಸೋ ಪುಟ್ಟ ಕ್ಲಿಪ್‌ಗಳು ಬರ್ತವೆ. ಬ್ಯಾಟರಿ ಹಾಕಿ ಇಟ್ಟಾಗ ಡ್ರೈವ್ ಶಾಫ್ಟ್ ನೆಲಕ್ಕೆ ಹೆಚ್ಚೂಕಮ್ಮಿ ಸಮ ಇದ್ರೆ ಶುರುಗೆ ಒಳ್ಳೇದು. ಕ್ಲಿಪ್ ಜಾಸ್ತಿ ಹಾಕಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಆಗಲ್ಲ, ಗಾಡಿ ಎತ್ತರ ಆಗುತ್ತೆ ಅಷ್ಟೇ. ಗಟ್ಟಿ ಬೇಕಂದ್ರೆ ಸ್ಪ್ರಿಂಗೇ ಬದಲಾಯಿಸ್ಬೇಕು.

ಡಿಫ್ (ಡಿಫರೆನ್ಷಿಯಲ್, ತಿರುವಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್ ಡಬ್ಬಿ, ಮುಂದೊಂದು ಹಿಂದೊಂದು) ಒಳಗೆ ಗ್ರೀಸ್ ಒಂದು ಕಡೆ ಮೆತ್ತಿ, ಇನ್ನೊಂದು ಕಡೆ ಒಣಗಿತ್ತು. ಒಂದು ಚಕ್ರ ಗಾಳೀಲಿ ಎದ್ರೆ ಶಕ್ತಿಯೆಲ್ಲಾ ಅದಕ್ಕೇ ಹೋಗಿ ಸುಮ್ನೆ ಗಿರಗಿರ ತಿರುಗ್ತಿತ್ತು. ದಪ್ಪ ಸಿಲಿಕಾನ್ ಎಣ್ಣೆ ತುಂಬಿದ್ರೆ ಇದು ಕಮ್ಮಿ ಆಗುತ್ತೆ, ಆದ್ರೆ ನನ್ ಗಾಡಿಯ ಡಿಫ್ ಡಬ್ಬಿಗೆ ಸೀಲ್ ಇಲ್ಲ, ಎಣ್ಣೆ ಸೋರಿ ಹೋಗುತ್ತೆ. ಅದ್ಕೆ ಮುಂದಿನದಕ್ಕೆ ದಪ್ಪ ಅಂಟು ಗ್ರೀಸ್ ತುಂಬಿ, ಹಿಂದಿನದಕ್ಕೆ ತೆಳು ಗ್ರೀಸೇ ಇಟ್ಟೆ. ಎರಡಕ್ಕೂ ದಪ್ಪ ಹಾಕಿದ್ರೆ ತಿರುವಲ್ಲಿ ಗಾಡಿ ಮೊಂಡು ಹಿಡಿಯುತ್ತೆ.

ಸರ್ವೋ (ಚಕ್ರ ಎಡ ಬಲ ತಿರುಗಿಸೋ ಪುಟ್ಟ ಮೋಟರ್) ಬಗ್ಗೆ ಹೇಳೋಕೆ ಏನಿಲ್ಲ, ಪ್ಲಾಸ್ಟಿಕ್ ಗೇರು, ಬಡ ಜೀವಿ. ಬಾಡಿ ಪರವಾಗಿಲ್ಲ, ಬಿರುಕಿಗೆ ಒಳಗಡೆಯಿಂದ ಬಲೆ ತರದ ಟೇಪ್ ಮತ್ತು ಶೂ ಅಂಟಿಸೋ ಗೋಂದು ಹಚ್ಚಿದ್ರೆ ಇನ್ನೂ ಆರು ತಿಂಗಳು ಬರುತ್ತೆ.

"ವಾಟರ್‌ಪ್ರೂಫ್" ಅಂತ ಬರೆದಿದಾರೆ. ಅದು ಎಲೆಕ್ಟ್ರಾನಿಕ್ಸ್‌ಗೆ ಮಾತ್ರ, ಬೇರಿಂಗಿಗೆ ಅಲ್ಲ! ಒಂದು ಸಲ ಕೆಸರಲ್ಲಿ ಆಡಿಸಿ ಹಂಗೇ ಮೂಲೇಲಿ ಇಟ್ಟೆ, ವಾರ ಬಿಟ್ಟು ನೋಡಿದ್ರೆ ಎರಡು ಬೇರಿಂಗ್ ತುಕ್ಕು ಹಿಡಿದು ಕರಕರ ಅಂತಿವೆ. ಈಗ ನೀರಲ್ಲಿ ಓಡಿಸಿದ ದಿನವೇ ಚಕ್ರ ಬಿಚ್ಚಿ, ಬ್ರಷ್ಷಲ್ಲಿ ಕೆಸರು ಕೆರೆದು, ಒಣಗಿಸಿ, ಬೇರಿಂಗಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಡ್ತೀನಿ. ಟೈರ್ ಒಳಗಿನ ಫೋಮೂ ನೀರು ಕುಡಿದಿರುತ್ತೆ, ರಿಮ್ಮಲ್ಲಿರೋ ತೂತಿಂದ ನೀರು ಹೊರಗೆ ಹೋಗೋ ಹಂಗೆ ಒತ್ತಿ ತೆಗೀಬೇಕು.

ಬ್ಯಾಟರಿ ಜೊತೆ ಮಾತ್ರ ಹುಡುಗಾಟ ಬೇಡ. ಪೂರ್ತಿ ಚಾರ್ಜ್ ಆದ್ರೆ ಸೆಲ್ಲಿಗೆ 4.2 ವೋಲ್ಟ್, ವಾರಗಟ್ಟಲೆ ಎತ್ತಿಡೋದಾದ್ರೆ 3.8ರ ಹತ್ರ ಇಡಿ, 3 ವೋಲ್ಟಿಗಿಂತ ಕೆಳಗೆ ಯಾವತ್ತೂ ಇಳಿಸ್ಬೇಡಿ. ಇಎಸ್‌ಸಿ (ಮೋಟರ್ ಸ್ಪೀಡ್ ಕಂಟ್ರೋಲ್ ಮಾಡೋ ಸರ್ಕ್ಯೂಟ್) ಬ್ಯಾಟರಿ ಇಳಿದಾಗ ತಾನಾಗೇ ಕಟ್ ಮಾಡುತ್ತೆ ನಿಜ, ಆದ್ರೆ ಮಾಡೋದು ಮೋಟರಿಗೆ ಹೋಗೋ ಪವರ್ ಮಾತ್ರ. ನಾನು ಒಂದು ರಾತ್ರಿ ಸ್ವಿಚ್ ಆಫ್ ಮಾಡೋದು ಮರೆತೆ, ರಿಸೀವರ್ರು ಸರ್ವೋ ಸೇರ್ಕೊಂಡು ಬ್ಯಾಟರಿನ ಹೀರಿ ಹಾಕಿದ್ವು, ಬೆಳಿಗ್ಗೆ ಪ್ಯಾಕ್ ಊದ್ಕೊಂಡಿತ್ತು. ಅಂಥದ್ದನ್ನ ಮತ್ತೆ ಚಾರ್ಜಿಗೆ ಹಾಕೋಕೆ ಹೋಗ್ಬೇಡಿ. ಈಗ ಆಟ ಮುಗಿದ ತಕ್ಷಣ ಕನೆಕ್ಟರ್ರೇ ಕಿತ್ತಿಡ್ತೀನಿ.

ಇಷ್ಟೆಲ್ಲಾ ಬೈದು ಇನ್ನೂ ಯಾಕೆ ಇಟ್ಕೊಂಡಿದೀನಿ ಅಂದ್ರೆ, ಇಡೀ ಗಾಡಿ ಎರಡು ಸೈಜಿನ ಡ್ರೈವರ್ರಲ್ಲಿ ಬಿಚ್ಚುತ್ತೆ, ಮುರಿದ ತುಂಡು ಒಂದೊಂದೇ ಬಿಡಿಯಾಗಿ ಸಿಗುತ್ತೆ, ಮುಕ್ಕಾಲು ಗಂಟೇಲಿ ಪೂರ್ತಿ ಬಿಚ್ಚಿ ಜೋಡಿಸ್ಬೋದು. ಬಿಚ್ಚೋಕೆ ಬೇಜಾರು ಅನ್ನೋರು ತಗೋಬೇಡಿ, ಮೂರನೇ ವಾರಕ್ಕೆ ಅಟ್ಟ ಸೇರುತ್ತೆ. ನನ್ನ ಕಡೆಯಿಂದ 5ಕ್ಕೆ 3.5 ಸ್ಟಾರ್. ಒಂದು ಸ್ಟಾರ್ ಹೋಗಿದ್ದು ಫ್ಯಾಕ್ಟರಿ ಜೋಡಣೆಗೆ, ಉಳಿದ ಅರ್ಧ ಆ ಮೆತ್ತಗಿನ ಪ್ಲಸ್ ಸ್ಕ್ರೂಗಳಿಗೆ. ನಾಲ್ಕು ಸಲ ಬಿಚ್ಚಿದ್ರೆ ತಲೆ ಸವೆದು ಡ್ರೈವರ್ ಜಾರುತ್ತೆ, ಹಿಂದಿನ ಬಲಗಡೆ ಚಕ್ರ ಹಿಡಿದಿರೋ ಸಸ್ಪೆನ್ಷನ್ ಆರ್ಮಿನ ಒಂದು ಸ್ಕ್ರೂ ಹಂಗೇ ಕಚ್ಕೊಂಡು ಕೂತಿದೆ, ನಾಳೆ ಡ್ರಿಲ್ ಹಾಕಿ ತೆಗೀಬೇಕು.